ಓದುಗರ ಪ್ರಶ್ನೆ: ಜೆಂಬೆ ಬಾರಿಸುವುದು, ಬಿಗಿಯುವುದು, ಕೂಡಿ ನುಡಿಸುವುದು

ಪಶ್ಚಿಮ ಆಫ್ರಿಕಾದ ಕೈಯಲ್ಲಿ ಬಾರಿಸುವ ಡೋಲು ಜೆಂಬೆ ಕಲಿಯುವ ಆಸೆ. ಆನ್‌ಲೈನ್‌ನಲ್ಲಿ 8 ಇಂಚಿನಿಂದ 13 ಇಂಚಿನವರೆಗೆ ಬಗೆಬಗೆಯವು ಇವೆ. ಯಾವುದನ್ನು ಕೊಳ್ಳಲಿ? ಪ್ಲಾಸ್ಟಿಕ್ ಚರ್ಮದ್ದು ಆದೀತೇ? — ವಿದ್ಯಾನಗರ, ದಾವಣಗೆರೆ

ದೊಡ್ಡವರಿಗೆ ಬಾಯಿಯ ಅಗಲ 12ರಿಂದ 13 ಇಂಚು, ಎತ್ತರ ಸುಮಾರು 60 ಸೆಂ.ಮೀ. ಇರಬೇಕು. 8 ಅಥವಾ 10 ಇಂಚಿನದರ ಮೇಲೆ ಎರಡು ಅಂಗೈ ಸರಿಯಾಗಿ ಕೂರುವುದಿಲ್ಲ. ಒಳಗಿನ ಬೋಗುಣಿಯೂ (ಮೇಲಿನ ಟೊಳ್ಳು ಭಾಗ) ಚಿಕ್ಕದಾದ್ದರಿಂದ ಬೇಸ್, ಅಂದರೆ ತಗ್ಗಿನ ದನಿ, ಬರುವುದಿಲ್ಲ. ಅದರಲ್ಲಿ ಕಲಿತ ಕೈ ದೊಡ್ಡ ಜೆಂಬೆಗೆ ಹೋದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಮಾಲಿ, ಗಿನಿ ದೇಶಗಳಲ್ಲಿ ಜೆಂಬೆಯನ್ನು ಲೆಂಕೆ, ಜಲ್ಲಾ, ದುಗುರಾದಂಥ ಗಟ್ಟಿ ಮರದ ಒಂದೇ ದಿಮ್ಮಿಯಲ್ಲಿ ಕೊರೆಯುತ್ತಾರೆ. ಹಗುರ ಮರದ್ದಾದರೂ ಕಲಿಕೆಗೆ ಅಡ್ಡಿಯಿಲ್ಲ, ಆದರೆ ಅಂಚು ಚೆನ್ನಾಗಿರಲೇಬೇಕು. ಚರ್ಮ ಕೂರುವ ಮರದ ಅಂಚು ದುಂಡಗಿರಲಿ. ಚೂಪಾಗಿದ್ದರೆ ಕೈಗೂ ನೋವು, ಚರ್ಮವೂ ಅಲ್ಲೇ ಸೀಳುತ್ತದೆ. ಚರ್ಮ ಹಿಡಿದಿಡುವ ಕಬ್ಬಿಣದ ಬಳೆ ಅಂಚಿಗಿಂತ ಕನಿಷ್ಠ ಎರಡು ಬೆರಳಿನಷ್ಟು ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಪ್ರತಿ ಪೆಟ್ಟಿಗೂ ಅಂಗೈ ಕಬ್ಬಿಣಕ್ಕೆ ಬಡಿಯುತ್ತದೆ. ಬುಡದ ತೂತಿನಿಂದ ಬೆಳಕಿನ ಕಡೆ ಹಿಡಿದು ಒಳಗೆ ನೋಡಿ. ಕೂದಲೆಳೆಯಷ್ಟು ಬಿರುಕು ಅಂಚಿನವರೆಗೆ ಹತ್ತಿದ್ದರೆ ಬೇಡ. ಆಡಿನ ಬೆನ್ನೆಲುಬಿನ ಗೆರೆ ಚರ್ಮದ ನಟ್ಟನಡುವೆ ಹಾದಿರಬೇಕು. ಪಕ್ಕಕ್ಕೆ ಸರಿದಿದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು.

ನಟ್ಟು-ಬೋಲ್ಟಿನ ಪ್ಲಾಸ್ಟಿಕ್ ಚರ್ಮದ್ದು ಹವೆಗೆ ಜಗ್ಗುವುದಿಲ್ಲ, ಶಾಲೆಗೆ ಸರಿ. ಮನೆಯಲ್ಲಿ ಕಲಿಯುವವರು ಆಡಿನ ಚರ್ಮದ್ದನ್ನೇ ಕೊಳ್ಳಿ. ಕೈಗೆ ತಿಳಿಯಬೇಕಾದ ಸೂಕ್ಷ್ಮ ಅದರಲ್ಲೇ ಸಿಗುವುದು.

ಮೂರು ತಿಂಗಳಿಂದ ವಿಡಿಯೊ ನೋಡಿ ಅಭ್ಯಾಸ ಮಾಡುತ್ತಿದ್ದೇನೆ. ಬೇಸ್ ಬರುತ್ತದೆ. ಟೋನ್, ಸ್ಲ್ಯಾಪ್ ಎರಡೂ ಒಂದೇ ಥರ ಕೇಳುತ್ತವೆ. ಎಷ್ಟು ಜೋರಾಗಿ ಹೊಡೆದರೂ ಕೈ ಉರಿಯುತ್ತದೆಯೇ ಹೊರತು ಸ್ಲ್ಯಾಪ್ ಬರುವುದಿಲ್ಲ. — ಹರಿಹರ

ಜೋರು ಬಿಡಿ. ಸ್ಲ್ಯಾಪ್ ಬಲದಿಂದ ಬರುವ ಪೆಟ್ಟಲ್ಲ, ಕೈಯ ಆಕಾರದಿಂದ ಬರುವುದು. ಈ ಒಂದು ವಿಷಯ ಸರಿಹೋಗುವವರೆಗೆ ಹೊಸ ಗತ್ತು (ಲಯದ ಮಾದರಿ) ಕಲಿಯಲು ಹೋಗಬೇಡಿ. ಜೆಂಬೆಯ ಮಾತೆಲ್ಲ ಈ ಮೂರು ನುಡಿಗಳ ಮೇಲೆ ನಿಂತಿದೆ. ಎರಡು ನುಡಿ ಒಂದೇ ಥರ ಕೇಳಿಸಿದರೆ ಯಾವ ಗತ್ತೂ ಗುರುತು ಸಿಗುವುದಿಲ್ಲ.

ಮೊದಲು ಕೂರುವ ರೀತಿ. ಕೈಯಿಲ್ಲದ ಕುರ್ಚಿಯ ಮುಂದಿನ ಅಂಚಿನಲ್ಲಿ ಕೂತು, ಜೆಂಬೆಯನ್ನು ತೊಡೆಗಳ ನಡುವೆ ಇಟ್ಟು, ಬಾಯಿ ನಿಮ್ಮಿಂದ ಆಚೆಗೆ ತುಸು ಬಾಗುವಂತೆ ಓರೆ ಮಾಡಿ. ಬುಡದ ತೂತು ನೆಲಕ್ಕೆ ಮುಚ್ಚಿಕೊಂಡರೆ ಬೇಸ್ ಸತ್ತುಹೋಗುತ್ತದೆ, ಏಕೆಂದರೆ ಬೇಸ್ ಎಂದರೆ ಬೋಗುಣಿಯೊಳಗಿನ ಗಾಳಿಯ ದನಿ. ಭುಜ ಇಳಿದಿರಲಿ. ಮುಂಗೈ ಚರ್ಮದ ಕಡೆಗೆ ಸ್ವಲ್ಪ ಇಳಿಜಾರಾಗಿರಲಿ.

ಬೇಸ್: ಇಡೀ ಅಂಗೈ ಚರ್ಮದ ನಡುಭಾಗಕ್ಕೆ ಬಿದ್ದು, ಬಿಸಿ ಹಂಚು ಮುಟ್ಟಿದವರ ಹಾಗೆ ಕೂಡಲೇ ಮೇಲೇಳಬೇಕು.

ಟೋನ್: ನಾಲ್ಕು ಬೆರಳು ಒತ್ತಾಗಿ ಸೇರಿರಲಿ, ಹೆಬ್ಬೆರಳು ಮೇಲಕ್ಕೆ. ಬೆರಳುಗಳು ಅಂಗೈಗೆ ಕೂಡುವಲ್ಲಿ ಮೆತ್ತನೆಯ ದಿಂಡು ಇದೆಯಲ್ಲ, ಅದು ಮರದ ಅಂಚಿನ ಮೇಲೆ ಬರಬೇಕು. ಅಲ್ಲಿಂದ ತುದಿಯವರೆಗೆ ಬೆರಳಿನ ಪೂರ್ತಿ ಉದ್ದ ಒಂದೇ ಸಲಕ್ಕೆ ಚರ್ಮ ಮುಟ್ಟಬೇಕು. ದನಿ ದುಂಡಗೆ, ತುಂಬಿಕೊಂಡು ಬರುತ್ತದೆ.

ಸ್ಲ್ಯಾಪ್: ಕೈ ಅದೇ ಜಾಗದಲ್ಲೇ. ಬದಲಾಗುವುದು ಎರಡೇ. ಬೆರಳು ಸಡಿಲಾಗಿ ಅರೆಬಿರಿಯುತ್ತವೆ, ಅಂಗೈ ನೀರು ಹಿಡಿಯುವಾಗಿನಂತೆ ಸ್ವಲ್ಪ ಗುಳಿಬೀಳುತ್ತದೆ. ಆಗ ದಿಂಡು ಅಂಚಿಗೆ ಬಿದ್ದ ಕ್ಷಣವೇ ಬೆರಳ ತುದಿಗಳು ತಾವಾಗಿಯೇ ಚರ್ಮಕ್ಕೆ ಚಟ್ಟೆಂದು ಚಿಮ್ಮುತ್ತವೆ. ಒದ್ದೆ ಕೈ ಕೊಡವಿ ನೀರು ಚೆಲ್ಲುವಾಗ ಬೆರಳು ಹೇಗಿರುತ್ತವೋ ಹಾಗೆ. ಬೆರಳು ಬಿಗಿದರೆ ಅದು ಮತ್ತೆ ಟೋನೇ ಆಗುತ್ತದೆ, ಇನ್ನೂ ಕೆಟ್ಟ ಟೋನ್. ನಿಮಗೆ ಆಗುತ್ತಿರುವುದು ಬಹುಶಃ ಇದೇ: ಜೋರು ಹಾಕುವಾಗ ಬೆರಳು ತಾವಾಗಿ ಬಿಗಿದುಕೊಳ್ಳುತ್ತವೆ.

ಅಭ್ಯಾಸ ಹೀಗಿರಲಿ. ತಾಳ ಎಣಿಸುವ ಮೆಟ್ರೊನೋಮ್ ನಿಮಿಷಕ್ಕೆ 70ರಲ್ಲಿ ಇಟ್ಟು, ಬಲ-ಎಡ ಬಲ-ಎಡ ಎಂದು 16 ಟೋನ್, 16 ಸ್ಲ್ಯಾಪ್. ಆಮೇಲೆ ನಾಲ್ಕು-ನಾಲ್ಕು. ಆಮೇಲೆ ಎರಡು-ಎರಡು. ಎರಡು-ಎರಡರಲ್ಲಿ ಕಲಸಿಹೋದರೆ ನಾಲ್ಕಕ್ಕೆ ವಾಪಸು. ದಿನಕ್ಕೆ 15 ನಿಮಿಷ ಸಾಕು. ಎಡಗೈ ಹಿಂದೆ ಬೀಳುವುದು ಎಲ್ಲರಿಗೂ ಇದ್ದದ್ದೇ, ಅದಕ್ಕೆ ಕೊನೆಯ 5 ನಿಮಿಷ ಎಡಗೈ ಒಂದರಲ್ಲೇ ಬಾರಿಸಿ. ವಾರಕ್ಕೊಮ್ಮೆ ಮನೆಯವರನ್ನು ಬೆನ್ನು ತಿರುಗಿಸಿ ಕೂರಿಸಿ, ನೀವು ಬಾರಿಸಿದ್ದು ಯಾವ ನುಡಿ ಎಂದು ಹೇಳಲು ಹೇಳಿ. ಅವರು 10ಕ್ಕೆ 9 ಸಲ ಸರಿ ಹೇಳಿದ ದಿನ ಮುಂದಕ್ಕೆ ಹೋಗಬಹುದು.

ಮಳೆಗಾಲದಲ್ಲಿ ದನಿ ಡಬ್ ಡಬ್ ಅನ್ನುತ್ತಿತ್ತು ಎಂದು ಚೆನ್ನಾಗಿ ಬಿಗಿಸಿದ್ದೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಯಾರೂ ಮುಟ್ಟದೆಯೇ ಢಂ ಎಂದು ಚರ್ಮ ಅಂಚಿನಲ್ಲಿ ಸೀಳಿತು. ಚರ್ಮವೇ ಕಳಪೆಯೇ? ಹೊಸದು ಇಲ್ಲೇ ಹಾಕಿಸಬಹುದೇ? — ಚಳ್ಳಕೆರೆ

ಚರ್ಮದ ತಪ್ಪು ಇರಲಾರದು. ತೇವ ಹೀರಿದ ಚರ್ಮ ಹಿಗ್ಗುತ್ತದೆ, ಒಣಗಿದ ಚರ್ಮ ಕುಗ್ಗುತ್ತದೆ. ಮಳೆಗಾಲದಲ್ಲಿ ಹಿಗ್ಗಿದ್ದಾಗಲೇ ಗರಿಷ್ಠ ಬಿಗಿ ಕೊಟ್ಟಿರಿ. ಚಳ್ಳಕೆರೆಯ ಒಣಹವೆಗೆ ಅದು ಇನ್ನಷ್ಟು ಕುಗ್ಗಿತು, ಹಗ್ಗ ಬಿಟ್ಟುಕೊಡಲಿಲ್ಲ, ಅಂಚಿನಲ್ಲಿ ಹರಿಯಿತು. ಶಿವರಾತ್ರಿ ಕಳೆಯುತ್ತಿದ್ದಂತೆ ಕೊನೆಯ ಐದಾರು ಗಂಟು ಬಿಚ್ಚಿ ಸಡಿಲ ಮಾಡುವುದು ನಮ್ಮ ಕಡೆಯವರಿಗೆ ರೂಢಿಯಾಗಬೇಕು. ಬಾಯಿಯ ಮೇಲೆ ದಪ್ಪ ಬಟ್ಟೆ ಮುಚ್ಚಿಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಅರ್ಧ ಗಂಟೆಯೂ ಬಿಡಬೇಡಿ.

ಹೊಸ ಚರ್ಮವನ್ನು ಡೊಳ್ಳಿಗೆ ಚರ್ಮ ಹಾಕಿ ಗೊತ್ತಿರುವ ಕೈಯೇ ಹಾಕಬಲ್ಲದು. ಆದರೆ ಈ ಕೆಲವನ್ನು ಅವರಿಗೆ ಹೇಳಿ. ಸುಣ್ಣದಲ್ಲಿ ಹದ ಮಾಡದ, ಬರೀ ಒಣಗಿಸಿದ ಆಡಿನ ಚರ್ಮ ಬೇಕು. 12 ಇಂಚಿನ ಬಾಯಿಗೆ ಕನಿಷ್ಠ 50 ಸೆಂ.ಮೀ. ಅಗಲದ ತುಂಡು. ತಣ್ಣೀರಿನಲ್ಲಿ ಇಡೀ ರಾತ್ರಿ ನೆನೆಯಲಿ. ಬಿಸಿನೀರು ಹಾಕಿದರೆ ಚರ್ಮ ಬೆಂದಂತಾಗಿ ಬಲ ಕಳೆದುಕೊಳ್ಳುತ್ತದೆ. ಚರ್ಮವನ್ನು ಒಂದು ಬಳೆಗೆ ಸುತ್ತಿ ಮಡಚಿ, ಅದರ ಮೇಲೆ ಕುಣಿಕೆಗಳಿರುವ ಎರಡನೆಯ ಬಳೆ ಕೂರಬೇಕು. ಮೂರನೆಯ ಬಳೆ ಬೋಗುಣಿ ಮುಗಿದು ಕೊಳವೆ ಶುರುವಾಗುವ ಸೊಂಟದಲ್ಲಿ. ಇವೆರಡರ ನಡುವೆ ಓಡುವ ನಿಲುವು ಹಗ್ಗ 4ರಿಂದ 5 ಮಿ.ಮೀ. ದಪ್ಪದ, ಜಗ್ಗದ ಪಾಲಿಯೆಸ್ಟರ್ ಆಗಿರಲಿ. ನೈಲಾನ್ ಜಗ್ಗುತ್ತಲೇ ಇರುತ್ತದೆ.

ಹಸಿ ಇರುವಾಗ ಸುಕ್ಕು ಹೋಗುವಷ್ಟು ಮಾತ್ರ ಎಳೆಯಿರಿ. ಆಮೇಲೆ ನೆರಳಲ್ಲಿ ನಾಲ್ಕೈದು ದಿನ ಒಣಗಲಿ. ಬಿಸಿಲಿಗಿಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿದು, ಎಳೆದಾಗ ಸೀಳುತ್ತದೆ. ಪೂರ್ತಿ ಒಣಗಿದ ಮೇಲೆ ನಿಲುವು ಹಗ್ಗಗಳನ್ನು ಸುತ್ತಲೂ ಎರಡು-ಮೂರು ಸುತ್ತು, ಸುತ್ತಿಗೊಂದು ದಿನ ಬಿಟ್ಟು ಎಳೆಯಿರಿ. ಶ್ರುತಿ ಏರಿಸುವ ಅಡ್ಡ ಗಂಟು ಕೊನೆಗೆ: ಉಳಿದ ಹಗ್ಗವನ್ನು ಎರಡು ನಿಲುವು ಹಗ್ಗಗಳ ಅಡಿಯಲ್ಲಿ ತೂರಿಸಿ, ಎರಡನೆಯದರ ಮೇಲಿಂದ ಹಿಂದಕ್ಕೆ ತಂದು, ಮೊದಲನೆಯದರ ಅಡಿಗೆ ಹಾಯಿಸಿ, ಮುಂದಕ್ಕೆ ಬಲವಾಗಿ ಎಳೆದರೆ ಎರಡೂ ಒಂದರ ಮೇಲೊಂದು ತಿರುವಿಕೊಂಡು ಕೂರುತ್ತವೆ. ಒಂದು ಪೂರ್ತಿ ಸಾಲು ಗಂಟು ಮುಗಿದರೂ ದನಿ ಏರದಿದ್ದರೆ ಎರಡನೆಯ ಸಾಲಿಗೆ ಕೈ ಹಾಕಬೇಡಿ. ಗಂಟೆಲ್ಲ ಬಿಚ್ಚಿ ನಿಲುವು ಹಗ್ಗಗಳನ್ನೇ ಮತ್ತೆ ಎಳೆಯಿರಿ.

ನಮ್ಮದು ಡೊಳ್ಳಿನ ಮೇಳ. ಜೆಂಬೆಗೂ ಡೊಳ್ಳಿಗೂ ಏನಾದರೂ ಹೊಂದಿಕೆ ಇದೆಯೇ? ಅವರ ಗತ್ತುಗಳಿಗೂ ದೇವರು, ಹಬ್ಬ ಅಂತ ಸಂದರ್ಭ ಇರುತ್ತದೆಯೇ? — ಹೊಳಲ್ಕೆರೆ

ಇರುತ್ತದೆ. ಈ ಪ್ರಶ್ನೆಯನ್ನು ಡೊಳ್ಳಿನವರು ಕೇಳಿದ್ದು ಸಂತೋಷ. ವಿಡಿಯೊ ನೋಡಿ ಕಲಿಯುವ ಹಲವರಿಗೆ ಗತ್ತಿನ ಹಿಂದೆ ಒಂದು ಊರು, ಒಂದು ಕುಣಿತ ಇರುತ್ತದೆ ಎಂಬ ಅರಿವೇ ಇರುವುದಿಲ್ಲ.

ಕಸ್ಸಾ ಗಿನಿಯ ಮಲಿಂಕೆ ರೈತರ ಸುಗ್ಗಿಯ ಗತ್ತು, ಕೊಯ್ಲಿನ ಹೊಲದ್ದು. ಸೋಲಿ ಹುಡುಗರಿಗೆ ಸುನ್ನತಿ ಮಾಡುವ ಸಂದರ್ಭದ್ದು. ಕುಕು ಗಿನಿಯ ಬೇಲಾ ಸೀಮೆಯ ಮಾನಿಯನ್ ಜನರದ್ದು. ಮೀನು ಹಿಡಿದು ಮರಳಿದ ಹೆಂಗಸರ ಕುಣಿತ. ಯಂಕಾಡಿ-ಮಕ್ರು ಸುಸು ಜನರ ಜೋಡಿ ಗತ್ತು. ಗಂಡು-ಹೆಣ್ಣು ಎದುರುಬದುರು ನಿಂತು ನಿಧಾನದ ಯಂಕಾಡಿಯಲ್ಲಿ ತೊಡಗಿ, ಸೀಟಿಯ ಸನ್ನೆಗೆ ಬಿರುಸಿನ ಮಕ್ರುವಿಗೆ ಹಾರುತ್ತಾರೆ. ದುನುನ್ಬಾ ಎಂದರೆ ಬಲಶಾಲಿ ಗಂಡಸರ ಕುಣಿತ. ಊರಿನ ಈ ಗತ್ತುಗಳು ವೇದಿಕೆಗೆ ಬಂದದ್ದರಲ್ಲಿ ಫೊಡೇಬಾ ಕೈಟಾ 1952ರಲ್ಲಿ ಕಟ್ಟಿದ 'ಲೆ ಬ್ಯಾಲೆ ಆಫ್ರಿಕೆನ್' ತಂಡದ ಪಾಲು ದೊಡ್ಡದು. 1958ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಅದು ದೇಶದ ತಂಡವಾಯಿತು. ಅದರ ಮುಖ್ಯ ಜೆಂಬೆಗಾರರಾಗಿದ್ದ ಫಾಮೂದು ಕೊನಾಟೆ, ಆಮೇಲಿನ ಪೀಳಿಗೆಯ ಮಮಾಡಿ ಕೈಟಾ (1950–2021), ಇಬ್ಬರ ಧ್ವನಿಮುದ್ರಣಗಳನ್ನೂ ಹುಡುಕಿ ಕೇಳಿ. ಮಮಾಡಿ ಕೈಟಾ 1991ರಲ್ಲಿ ಬ್ರಸೆಲ್ಸ್‌ನಲ್ಲಿ ತೆರೆದ ಶಾಲೆಯಿಂದ ಈ ಗತ್ತುಗಳು ಬಹಳ ದೇಶಗಳಿಗೆ ಹರಡಿದವು.

ಹೊಂದಿಕೆಯ ಮಾತು. ಡೊಳ್ಳಿನಲ್ಲಿ ನಿಮ್ಮ ಒಂದು ಕೈಯಲ್ಲಿ ಗುಣಿಕೋಲು, ಇನ್ನೊಂದು ಬರಿಗೈ. ಬರಿಗೈಗೆ ಟೋನ್ ಬೇಗ ಒಗ್ಗುತ್ತದೆ, ಕೋಲಿನ ಕೈ ಮಣಿಕಟ್ಟು ಬಿಗಿಹಿಡಿದು ತಕರಾರು ಮಾಡುತ್ತದೆ. ದೊಡ್ಡ ಹೊಂದಿಕೆ ಬೇರೆ ಇದೆ: ನಿಮ್ಮಂತೆ ಅಲ್ಲೂ ಒಬ್ಬರ ವಾದ್ಯ ಅಲ್ಲ ಅದು, ಮೇಳದ್ದು. ಜೆಂಬೆಯ ಬೆನ್ನಿಗೆ ಡುನುನ್ ಎಂಬ ಮೂರು ಡೋಲುಗಳು ಇರುತ್ತವೆ: ಚಿಕ್ಕದು ಕೆಂಕೆನಿ, ನಡುವಿನದು ಸಂಗ್ಬಾನ್, ದೊಡ್ಡದು ಡುಂಡುನ್ಬಾ. ದನದ ಚರ್ಮ, ಕೋಲಿನ ಪೆಟ್ಟು, ಇನ್ನೊಂದು ಕೈಯಲ್ಲಿ ಕಬ್ಬಿಣದ ಗಂಟೆ. ಗತ್ತಿನ ಗುರುತು ಹೆಚ್ಚಾಗಿ ಸಂಗ್ಬಾನಿನಲ್ಲಿದೆ. ಜೆಂಬೆಯ ಒಂದೇ ಜತೆನುಡಿ (ಮೇಳಕ್ಕೆ ಜತೆಯಾಗಿ ಮತ್ತೆ ಮತ್ತೆ ಬಾರಿಸುವ ನುಡಿ) ಹತ್ತಾರು ಗತ್ತುಗಳಿಗೆ ಕೂಡುತ್ತದೆ. ಅದಕ್ಕೇ ಜೆಂಬೆಯೊಂದನ್ನೇ ಕಲಿತವರಿಗೆ ಎಲ್ಲ ಗತ್ತೂ ಒಂದೇ ಎನಿಸುವುದು.

ತಬಲಾ ಕಲಿತವಳು ನಾನು. ಜೆಂಬೆಗೆ ಬೋಲ್ (ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರ) ಇದೆಯೇ? ತಾಳದ ಲೆಕ್ಕ ಹೇಗೆ? — ಚಿತ್ರದುರ್ಗ

ನೈಜೀರಿಯಾದ ಡೋಲುಗಾರ ಬಾಬಾತುಂಡೆ ಒಲಟುಂಜಿ ಹರಡಿದ ಬೋಲ್‌ಗಳು ಸುಲಭ: ಬೇಸ್‌ಗೆ ಬಲಗೈ ಗುನ್, ಎಡಗೈ ದುನ್, ಟೋನ್‌ಗೆ ಗೊ, ದೊ, ಸ್ಲ್ಯಾಪ್‌ಗೆ ಪ, ತ. ಮೊದಲು ಕಲಿಯಬೇಕಾದ ಜತೆನುಡಿ ಎಂಟು ಮನೆಯದು (ಮನೆ ಎಂದರೆ ಒಂದು ಎಣಿಕೆಯ ಜಾಗ):

ಪ – – ತ – ದೊ ಗೊ –

ಒಂದು, ನಾಲ್ಕು, ಆರು, ಏಳನೆಯ ಮನೆಗಳಲ್ಲಿ ಪೆಟ್ಟು. ಕೈಗಳು ಮನೆಮನೆಗೂ ಬಲ-ಎಡ ಎಂದು ತೂಗುತ್ತಲೇ ಇರಲಿ. ಖಾಲಿ ಮನೆಯಲ್ಲಿ ಚರ್ಮ ಮುಟ್ಟದೆ ಗಾಳಿಯಲ್ಲೇ ಹಾಯಲಿ. ಆಗ ಯಾವ ಪೆಟ್ಟು ಯಾವ ಕೈಗೆ ಎಂದು ಯೋಚಿಸಬೇಕಾಗಿಲ್ಲ. ಎಡವುವುದು ಸಾಮಾನ್ಯವಾಗಿ ಏಳನೆಯ ಮನೆಯ ನಂತರ. ಎಂಟನೆಯ ಮನೆಯ ಬಿಡುವನ್ನು ನುಂಗಿ ಮೊದಲ 'ಪ'ಗೆ ಅವಸರ ಮಾಡುತ್ತಾರೆ, ನಾಲ್ಕು ಆವರ್ತದಲ್ಲಿ ಲಯ ಓಡಿರುತ್ತದೆ. ಪಾದದಲ್ಲಿ ಒಂದು ಮತ್ತು ಐದನೆಯ ಮನೆಗೆ ತಾಳ ಹಾಕಿ, ಬಾಯಲ್ಲಿ ಹೇಳುತ್ತಾ ಬಾರಿಸಿ.

ಚತುರಶ್ರ (ನಾಲ್ಕರ ಎಣಿಕೆ), ತಿಶ್ರ (ಮೂರರ ಎಣಿಕೆ) ಎರಡೂ ನಡೆಯ ಗತ್ತುಗಳಿವೆ. ಯಂಕಾಡಿ ತಿಶ್ರ, ಮಕ್ರು ಚತುರಶ್ರ. ಆದರೆ ತಬಲಾದವರಿಗೆ ಒಂದು ಎಚ್ಚರಿಕೆ. ಈ ಮನೆಗಳು ಕಾಗದದ ಮೇಲಿನಷ್ಟು ಸಮ ಅಲ್ಲ. ಬಲ್ಲವರ ಕೈಯಲ್ಲಿ ಕೆಲವು ಮನೆ ತುಸು ಗಿಡ್ಡ, ಕೆಲವು ತುಸು ಉದ್ದ, ಆ ತೂಗಾಟವೇ ಗತ್ತಿನ ಜೀವ. ಬರೆದದ್ದು ಗುರುತಿಗೆ ಮಾತ್ರ, ಕಲಿಕೆ ಕಿವಿಯಿಂದ.

ಎಂಟು ವರ್ಷದ ಮಗಳಿಗೆ ಕೊಡಿಸಬಹುದೇ? ಕೈ ಕೆಂಪಾಗುತ್ತದಂತಲ್ಲ? — ಜಗಳೂರು

ಕೊಡಿಸಿ, 10 ಇಂಚಿನದು ಈ ವಯಸ್ಸಿಗೆ ಸರಿ. ಉಂಗುರ, ಬಳೆ ತೆಗೆದಿಡಬೇಕು. ಅಂಗೈ ಕೆಂಪಾಗಿ ಬಿಸಿಯಾಗುವುದು ಸಹಜ, ಬೆರಳ ಮೂಳೆ ನೋಯುವುದು ಸಹಜವಲ್ಲ. ಮೂಳೆ ಅಂಚಿಗೆ ಬಡಿಯುತ್ತಿದೆ ಎಂದರ್ಥ. ಮಕ್ಕಳಿಗೆ ಒಂದು ಸಲಕ್ಕೆ 20 ನಿಮಿಷ ಮೀರದಿರಲಿ. ದೊಡ್ಡವರಿಗೂ ಒಂದು ಮಾತು: ಗಂಟೆಗಟ್ಟಲೆ ಜೋರಾಗಿ ಬಾರಿಸಿದ ಮೇಲೆ ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದರೆ, ಅಂಗೈಯಲ್ಲಿ ಕೆಂಪು ರಕ್ತಕಣ ಒಡೆದಿರಬಹುದು. ಬಾರಿಸುವುದು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಾವು ಮೂವರು ಗೆಳೆಯರು, ಮೂರು ಜೆಂಬೆ. ಡುನುನ್ ಎಲ್ಲಿಂದ ತರುವುದು? — ನಿಟ್ಟುವಳ್ಳಿ, ದಾವಣಗೆರೆ

ಇಬ್ಬರು ಜೆಂಬೆಗೆ ಇರಿ, ಮೂರನೆಯವರು ಸಂಗ್ಬಾನ್ ಹಿಡಿಯಲಿ. ಹಳೆಯ ಡೊಳ್ಳು ಸಿಕ್ಕರೆ ಸೊಂಟದೆತ್ತರದ ಬೆಂಚಿನ ಮೇಲೆ ಅಡ್ಡ ಮಲಗಿಸಿ, ಉರುಳದಂತೆ ಎರಡೂ ಕಡೆ ಗೋಣಿ ಸುತ್ತಿ ಒತ್ತು ಕೊಡಿ. ಒಂದೇ ಮುಖಕ್ಕೆ ಹೆಬ್ಬೆರಳು ಗಾತ್ರದ ಕೋಲಿನಿಂದ ಬಾರಿಸಿ. ಎರಡು ಬಗೆ ಪೆಟ್ಟು ಸಾಕು: ಹೊಡೆದು ಕೋಲು ಎತ್ತಿದರೆ ತೆರೆದ ದನಿ, ಚರ್ಮಕ್ಕೇ ಒತ್ತಿ ಹಿಡಿದರೆ ಮುಚ್ಚಿದ ದನಿ. ಗಂಟೆಗೆ ಎತ್ತಿನ ಕೊರಳ ಗಂಟೆಯ ನಾಲಗೆ ಕಿತ್ತು ಡೊಳ್ಳಿನ ಮೇಲ್ಭಾಗಕ್ಕೆ ಹಗ್ಗದಲ್ಲಿ ಬಿಗಿಯಿರಿ, ದಪ್ಪ ಬೋಲ್ಟಿನಿಂದ ಬಾರಿಸಿ. ಕೋಲಿನ ಪೆಟ್ಟು ಬಿದ್ದಾಗಲೆಲ್ಲ ಗಂಟೆಯೂ ಜತೆಗೆ ಬೀಳಬೇಕು, ನಡುವಿನ ಮನೆಗಳನ್ನು ಗಂಟೆ ಒಂದೇ ತುಂಬಬೇಕು. ಮೊದಲು ಗಂಟೆಯ ಕೈ ಒಂದನ್ನೇ ಕೂರಿಸಿಕೊಂಡು, ಅದು ಯೋಚನೆಯಿಲ್ಲದೆ ನಡೆಯತೊಡಗಿದ ಮೇಲೆ ಕೋಲು ಸೇರಿಸಿ.

ನಾಲ್ಕನೆಯವರು ಸಿಕ್ಕ ದಿನ ಅವರಿಗೆ ಕೆಂಕೆನಿ ಕೊಡಿ. ಅದು ಬಹಳ ಗತ್ತುಗಳಲ್ಲಿ ಪಾದದ ತಾಳದ ಮೇಲೆ ಬೀಳದೆ ತಾಳಗಳ ನಡುವೆ ಬೀಳುತ್ತದೆ. ಹೊಸಬರು ಐದು ನಿಮಿಷದಲ್ಲಿ ತಾಳದ ಮೇಲಕ್ಕೇ ಜಾರಿಬಿಡುತ್ತಾರೆ. ಹಾಗಾದಾಗ ಎಲ್ಲರೂ ನಿಲ್ಲಿಸಿ, ಎದ್ದು ನಿಂತು, ಎಡ-ಬಲ ಹೆಜ್ಜೆ ಹಾಕುತ್ತಾ ಹೆಜ್ಜೆಗಳ ನಡುವೆ ಚಪ್ಪಾಳೆ ತಟ್ಟಿ, ಅದು ಕೂತ ಮೇಲೆ ಮತ್ತೆ ಕೋಲು ಹಿಡಿಯಿರಿ. ಮೂವರೂ ವಾರಕ್ಕೊಮ್ಮೆ ಜಾಗ ಬದಲಿಸಿಕೊಳ್ಳಿ, ಸಂಗ್ಬಾನ್ ಎಲ್ಲರ ಕೈಗೂ ಬರಬೇಕು.