ನೆರೆಯ ದೇಶಗಳ ಹದಿಹರೆಯದವರ ಜುಗಾರಿ ಚಟವನ್ನು ಹೋಲಿಸುವುದು ಹೇಗೆ?

ನಾರ್ವೆ ಮತ್ತು ಫಿನ್‌ಲ್ಯಾಂಡ್‌ಗಳ ಅಂಕಿಅಂಶ ಪಕ್ಕಪಕ್ಕ ಇಟ್ಟುಕೊಂಡು, ಯಾವ ದೇಶದ ಮಕ್ಕಳು ಹೆಚ್ಚು ಚಟಕ್ಕೆ ಬಿದ್ದಿದ್ದಾರೆ ಎಂದು ಕೇಳಿದ್ದೀರಿ. ಮೊದಲು ನನ್ನ ತರಗತಿಯ ಕಥೆ ಕೇಳಿ.

ನಾನು ಉಡುಪಿ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. 2024ರ ಡಿಸೆಂಬರಿನಲ್ಲಿ ಸಮೀಕ್ಷೆಯ ಪಾಠಕ್ಕೆಂದು ಚೀಟಿ ಹಂಚಿ, ಹೆಸರು ಹಾಕದೆ ಉತ್ತರಿಸಿ ಎಂದೆ: ‘ಈ ವರ್ಷ ಜುಗಾರಿ ಆಡಿದ್ದೀರಾ?’ ಒಂದು ಚೀಟಿಯಲ್ಲೂ ‘ಹೌದು’ ಇರಲಿಲ್ಲ. ಮರುದಿನ ಪ್ರಶ್ನೆ ಬದಲಿಸಿದೆ: ‘ಮೊಬೈಲಿನಲ್ಲಿ ಕ್ರಿಕೆಟ್ ತಂಡ ಕಟ್ಟಿ ಹಣ ಹಾಕಿದ್ದೀರಾ? ಕೋಳಿ ಅಂಕದಲ್ಲಿ ಹಣ ಪಣಕ್ಕಿಟ್ಟಿದ್ದೀರಾ?’ ಈ ಸಲ ‘ಹೌದು’ ಎಂದವರನ್ನು ಎಣಿಸಲು ಎರಡು ಕೈಯ ಬೆರಳು ಸಾಲಲಿಲ್ಲ. ಒಬ್ಬ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದ: ‘ಕೋಳಿ ನಮ್ಮ ಮನೆಯದ್ದೇ ಸರ್, ಅದು ಜುಗಾರಿ ಅಲ್ಲ.’ ಅಕ್ಷರ ನೋಡಿದೊಡನೆ ಯಾರೆಂದು ತಿಳಿಯಿತು, ಸುಮ್ಮನಾದೆ. ಅವನ ಪಾಲಿಗೆ ಜುಗಾರಿ ಎಂದರೆ ಪೊಲೀಸರು ಹಿಡಿಯುವ ಉಲಾಯಿ-ಪಿದಾಯಿ ಇಸ್ಪೀಟಾಟ ಮಾತ್ರ.

ದೇಶಗಳ ಹೋಲಿಕೆಯೂ ಇಲ್ಲಿಯೇ ಎಡವುತ್ತದೆ. ಒಂದು ಸಮೀಕ್ಷೆ ‘ಎಂದಾದರೂ’ ಎಂದು ಕೇಳಿ, ಇನ್ನೊಂದು ‘ಕಳೆದ 12 ತಿಂಗಳಲ್ಲಿ’ ಎಂದು ಕೇಳಿದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. 15-16 ವಯಸ್ಸಿನ ಯುರೋಪಿನ ವಿದ್ಯಾರ್ಥಿಗಳಿಗೆ ಒಂದೇ ಮಾದರಿಯ ಪ್ರಶ್ನಾವಳಿ ಕೊಡುವ ಎಸ್ಪಾಡ್ ಸಮೀಕ್ಷೆ 1995ರಿಂದ ನಡೆಯುತ್ತಿದೆ. ಅದರಿಂದ ಆರಂಭಿಸಿ.

ಮತ್ತೆ, ಆ ವರ್ಷ ಯಂತ್ರ ಎಲ್ಲಿತ್ತು ಎಂದೂ ನೋಡಬೇಕು. ಫಿನ್‌ಲ್ಯಾಂಡ್‌ನಲ್ಲಿ ದಿನಸಿ ಅಂಗಡಿಯಲ್ಲೇ ಇರುತ್ತಿದ್ದ ಜುಗಾರಿ ಯಂತ್ರಕ್ಕೆ 15 ವರ್ಷದ ಹುಡುಗ ನಾಣ್ಯ ಹಾಕುವುದಕ್ಕೆ 2011ರವರೆಗೆ ಕಾನೂನಿನ ಅಡ್ಡಿಯೇ ಇರಲಿಲ್ಲ. ಆ ಜುಲೈಯಲ್ಲಿ ಮಿತಿ 18ಕ್ಕೆ ಏರಿತು. ನಾರ್ವೆ 2007ರ ಜುಲೈಯಲ್ಲಿ ಹಳೆಯ ಯಂತ್ರಗಳನ್ನೇ ಎತ್ತಿಸಿತು. ಬಳಿಕ ಬಂದ ಸರ್ಕಾರಿ ಕಂಪನಿಯ ಯಂತ್ರಗಳಲ್ಲಿ ಕಾರ್ಡ್ ಇಲ್ಲದೆ ಆಡುವಂತಿಲ್ಲ, ಕಳೆದುಕೊಳ್ಳುವ ಹಣಕ್ಕೂ ಮಿತಿಯಿದೆ. 2008ರ ಅಂಕಿ ಹಿಡಿದು ನಾರ್ವೆಯ ಮಕ್ಕಳು ಸಂಭಾವಿತರು ಎಂದರೆ, ಹೆಂಡದಂಗಡಿ ಇಲ್ಲದ ಊರನ್ನು ಪಾನನಿರೋಧಕ್ಕೆ ಹೊಗಳಿದಂತೆ.

ನಮ್ಮಲ್ಲೂ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಈಗ ಅದೇ ಚೀಟಿ ಹಂಚಿದರೆ ಕ್ರಿಕೆಟ್ ತಂಡದ ಪ್ರಶ್ನೆಗೆ ‘ಹೌದು’ಗಳು ಇಳಿದಾವು. ಆದರೆ ಮುಂದಿನ ಚೀಟಿಯ ಪ್ರಶ್ನೆಗಳನ್ನು ನಾನು ಬರೆಯುವುದಿಲ್ಲ, ಹುಡುಗರಿಂದಲೇ ಬರೆಸುತ್ತೇನೆ. ಆಟದ ಈಗಿನ ಹೆಸರು ಅವರಿಗೆ ಗೊತ್ತಿರುತ್ತದೆ.