ಜುಲೈನಲ್ಲಿ ರಾತ್ರಿ ಹೊರಟು ನಸುಕಿಗೆ ಚಾರ್ಮಾಡಿ ಇಳಿಯಲು ಯಾವ ಫಾಗ್ ಲ್ಯಾಂಪ್ ಹಾಕಿಸಲಿ?

ಲ್ಯಾಂಪಿನ ವಿಷಯ ಆಮೇಲೆ. ನೀವು ಬರೆದ ಪ್ಲಾನ್ ನೋಡಿದೆ: ಬೆಂಗಳೂರಿನಿಂದ ರಾತ್ರಿ ಹೊರಟು ಹಾಸನ, ಬೇಲೂರು, ಮೂಡಿಗೆರೆ ದಾಟಿ ಬೆಳಗಿನ ಜಾವಕ್ಕೆ ಘಾಟಿ ಇಳಿಯೋದು, ಧರ್ಮಸ್ಥಳದಲ್ಲಿ ಬೇಗ ದರ್ಶನ ಮುಗಿಸೋದು. ನಾನೂ ಇದನ್ನೇ ಮಾಡಿದ್ದೆ. ನನ್ನ ಕಾರಿಗೂ ಹಳದಿ ಫಾಗ್ ಲ್ಯಾಂಪ್ ಇತ್ತು.

ಘಾಟಿ ಶುರುವಾಗುವ ಕೊಟ್ಟಿಗೆಹಾರದವರೆಗೆ ಬರೀ ಮಳೆ. ಇಳಿಜಾರು ಶುರುವಾದ ಸ್ವಲ್ಪ ಹೊತ್ತಿಗೆ ಬಾನೆಟ್ಟಿನ ಆಚೆ ಏನೂ ಕಾಣಲಿಲ್ಲ. ಹಿಂದೆ ಕೂತಿದ್ದ ಅಮ್ಮ "ನಿಲ್ಸೋ ಮಾರಾಯ" ಅಂದರು. ನಿಲ್ಲಿಸಿದೆ. ಎಡಗಡೆ ಚರಂಡಿ ಎಲ್ಲಿದೆಯೋ ಅಂತ ಹೆದರಿ ಅರ್ಧ ಕಾರನ್ನು ಟಾರಿನ ಮೇಲೇ ಬಿಟ್ಟೆ. ಹಿಂದಿನವರಿಗೆ ಕಾಣಲಿ ಅಂತ ಲೈಟ್ ಉರೀತಾ ಇತ್ತು, ಕಾಲು ಬ್ರೇಕ್ ಮೇಲಿತ್ತು.

ಕಂಡಿತು ಕೂಡ. ಎಡವಟ್ಟಾಗಿದ್ದೇ ಅಲ್ಲಿ. ಮಂಜಿನಲ್ಲಿ ಹಿಂದಿನ ಡ್ರೈವರಿಗೆ ಕಾರು ಕಾಣಲ್ಲ, ಎರಡು ಕೆಂಪು ಚುಕ್ಕಿ ಕಾಣುತ್ತವೆ. ಅವು ನಿಂತಿವೆಯೋ ಹೋಗ್ತಿವೆಯೋ ಗೊತ್ತಾಗಲ್ಲ. ಅಕ್ಕಪಕ್ಕದ ಮರ, ತಡೆಗೋಡೆ ಕಂಡರೆ ತಾನೇ ಅಂದಾಜು ಸಿಗೋದು? ದಾರಿ ಕಾಣದವನು ಏನು ಮಾಡ್ತಾನೆ? ಮುಂದಿನ ಕೆಂಪು ದೀಪ ಹಿಡಿದುಕೊಂಡು ಹೋಗ್ತಾನೆ. ಅಂದರೆ ನಾನೇ ಅವನನ್ನು ನನ್ನ ಡಿಕ್ಕಿಗೆ ಕರೆದ ಹಾಗಾಯ್ತು. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಅನುಮಾನ ಬಂದು ಬ್ರೇಕ್ ಒತ್ತುವಷ್ಟರಲ್ಲಿ ಜೀಪು ನಮ್ಮ ಹಿಂದಿನ ಸೀಟಿನವರೆಗೆ ಬಂದಿತ್ತು. ಅಮ್ಮನ ಭುಜದ ಮೂಳೆ ಮುರಿಯಿತು. "ನೀವು ಹೋಗ್ತಾ ಇದೀರಿ ಅಂದ್ಕೊಂಡೆ ಸಾರ್" ಅಂದ ಆತ. ಅವನದು ಸುಳ್ಳಲ್ಲ.

ಹಾಗಾಗಿ ನಿಲ್ಲಿಸೋದಾದರೆ ಪೂರ್ತಿ ರಸ್ತೆ ಬಿಟ್ಟು ನಿಲ್ಲಿಸಿ. ಹೆಡ್‌ಲೈಟ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು ಕಾಲು ತೆಗೆಯಿರಿ, ನಾಲ್ಕೂ ಇಂಡಿಕೇಟರ್ ಮಿನುಗಲಿ. ಜಾಗ ಸಿಗದಿದ್ದರೆ ನಿಲ್ಲಬೇಡಿ, ಎಡಗಡೆಯ ಬಿಳಿ ಗೆರೆ ನೋಡಿಕೊಂಡು ತೆವಳಿಕೊಂಡೇ ಹೋಗಿ, ತಿರುವಿನಲ್ಲಿ ಹಾರ್ನ್ ಮಾಡಿ. ಓಡುವಾಗ ಮಾತ್ರ ಆ ನಾಲ್ಕು ಇಂಡಿಕೇಟರ್ ಬೇಡ. ನೀವು ಯಾವ ಕಡೆ ತಿರುಗುತ್ತೀರಿ ಅಂತ ಯಾರಿಗೂ ತಿಳಿಯಲ್ಲ. ನಮ್ಮ ಜನಕ್ಕೆ ಈ ಚಟ ಎಲ್ಲಿಂದ ಬಂತೋ!

ಇನ್ನು ನಿಮ್ಮ ಫಾಗ್ ಲ್ಯಾಂಪ್. ಕಂಪನಿಯದು ಇದ್ದರೆ ಸಾಕು, ದುಡ್ಡು ಸುರಿಯಬೇಡಿ. ಹೈ ಬೀಮ್ ಅಂತೂ ಹಾಕಲೇಬೇಡಿ, ಹನಿಗಳಿಗೆ ತಾಗಿ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಎಷ್ಟೋ ಸಲ ಮಂಜು ಇರೋದು ಗಾಜಿನ ಮೇಲೆ. ಒಳಗಡೆ ಇದ್ದರೆ ಎಸಿ ಗಾಳಿ ಗಾಜಿಗೆ ತಿರುಗಿಸಿ, ಹೊರಗಡೆ ಇದ್ದರೆ ವೈಪರ್ ಹಾಕಿ.

ನನ್ನ ಪ್ರಕಾರ ಬದಲಾಗಬೇಕಾದ್ದು ನೀವು ಹೊರಡುವ ಹೊತ್ತು. "ಬಿಸಿಲು ಬಂದರೆ ಮಂಜು ಕರಗುತ್ತೆ" ಅಂತ ಬರೆದಿದ್ದೀರಿ. ಅದು ಚಿಕ್ಕಬಳ್ಳಾಪುರ ಕಡೆಯ ಡಿಸೆಂಬರ್ ಮಂಜು. ರಾತ್ರಿ ನೆಲ ತಣ್ಣಗಾಗಿ ಕಟ್ಟೋದು, ಬಿಸಿಲೇರಿದರೆ ಹೋಗುತ್ತೆ. ಚಾರ್ಮಾಡಿಯ ಮಳೆಗಾಲದ ಮಂಜು ಅಂದರೆ ಮೋಡವೇ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಕಟ್ಟುತ್ತೆ, ಮಧ್ಯಾಹ್ನ ಎರಡು ಗಂಟೆಗೂ ಇರುತ್ತೆ. ಆದರೂ ಹಗಲಲ್ಲಿ ಗೆರೆ, ತಡೆಗೋಡೆ, ರಸ್ತೆಗೆ ಬಿದ್ದ ಕಲ್ಲುಮಣ್ಣು ಅಷ್ಟಿಷ್ಟು ಕಾಣುತ್ತವೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಇದೇ ದಾರಿ ಬಂದ್ ಆಗಿತ್ತು, ನೆನಪಿದೆಯಲ್ವಾ? ರಾತ್ರಿ ಹಾಸನದಲ್ಲೋ ಮೂಡಿಗೆರೆಯಲ್ಲೋ ಮಲಗಿ. ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ, ಕೆಳಗಿಂದ ಹತ್ತಿ ಬಂದ ಬಸ್ಸಿನವರನ್ನು ದಾರಿ ಹೇಗಿದೆ ಅಂತ ಕೇಳಿ. ಹೊರಡುವ ಮೊದಲು ಘಾಟಿ ತೆರೆದಿದೆಯಾ ಅಂತಲೂ ನೋಡಿಕೊಳ್ಳಿ.

ಸಿಡಿಲಿನ ಬಗ್ಗೆಯೂ ಕೇಳಿದ್ದೀರಿ. ಜುಲೈನಲ್ಲಿ ಅದರ ಕಾಟ ಕಮ್ಮಿ, ಏಪ್ರಿಲ್-ಮೇ ಸಂಜೆಗಳಲ್ಲಿ ಜಾಸ್ತಿ. ತಗಡಿನ ಮೇಲ್ಛಾವಣಿಯ ಕಾರಿನಲ್ಲಿ ಗಾಜು ಏರಿಸಿ ಕೂತರೆ ಸಿಡಿಲಿಗೆ ಹೆದರಬೇಕಿಲ್ಲ. ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ, ಗಾಳಿಗೆ ಬೀಳೋದು ಅದೇ. ಬೈಕಿನವರಿಗೆ ಈ ರಕ್ಷಣೆ ಇಲ್ಲ. ನಿಮ್ಮ ತಮ್ಮ ಬೈಕಿನಲ್ಲಿ ಹಿಂದೆ ಬರ್ತಾನೆ ಅಂತ ಬರೆದಿದ್ದೀರಲ್ಲ, ಅವನನ್ನು ಕಾರಿಗೇ ಹತ್ತಿಸಿಕೊಳ್ಳಿ.