ತಿರುವನಂತಪುರದ ಸಂಪುಟದಲ್ಲಿ ನಮ್ಮ ಪಾಲು

ಕುಂಬಳೆಯ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. 2021ರ ಮೇ 20ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರೊಂದಿಗೆ ಪ್ರಮಾಣವಚನ ಸ್ವೀಕರಿಸಿದ ಕೇರಳದ ಸಂಪುಟದಲ್ಲಿ ಕಾಸರಗೋಡು ಜಿಲ್ಲೆಯ ಒಬ್ಬರೂ ಇರಲಿಲ್ಲ ಎಂಬ ನೋವು ಅವರಲ್ಲಿ ಇನ್ನೂ ಆರಿಲ್ಲ. ಜಿಲ್ಲೆಗೊಬ್ಬ ಮಂತ್ರಿ ಇರಲೇಬೇಕೆಂದು ಕಾನೂನು ಮಾಡಬಾರದೇ, ಕನ್ನಡಿಗರೊಬ್ಬರು ಮಂತ್ರಿಯಾಗುವುದು ಯಾವಾಗ, ಇದಕ್ಕಾಗಿ ಪತ್ರಿಕೆ ಸಹಿ ಸಂಗ್ರಹ ಆರಂಭಿಸಬಾರದೇ ಎಂದು ಅವರು ಕೇಳಿದ್ದಾರೆ.

ಮೊದಲು ಕಾನೂನಿನ ಮಾತು. 2003ರ 91ನೇ ತಿದ್ದುಪಡಿಯ ಪ್ರಕಾರ ರಾಜ್ಯ ಸಂಪುಟದ ಗಾತ್ರ ವಿಧಾನಸಭೆಯ ಸದಸ್ಯಬಲದ ಶೇ. 15ನ್ನು ಮೀರುವಂತಿಲ್ಲ. ಕೇರಳ ವಿಧಾನಸಭೆಯ 140 ಸ್ಥಾನಗಳಿಗೆ ಮುಖ್ಯಮಂತ್ರಿಯೂ ಸೇರಿ 21 ಮಂದಿ, ಅಷ್ಟೆ. 14 ಜಿಲ್ಲೆಗಳಿಗೆ ಇಷ್ಟು ಸಾಕಾದೀತು ಎಂದು ತೋರಬಹುದು. ಆದರೆ ಸ್ಥಾನಗಳು ಹಂಚಿಕೆಯಾಗುವುದು ಜಿಲ್ಲೆಗಳ ನಡುವೆ ಅಲ್ಲ, ಆಳುವ ರಂಗದ, ಅಂದರೆ ಮೈತ್ರಿಕೂಟದ, ಘಟಕಪಕ್ಷಗಳ ನಡುವೆ. ತನ್ನ ಪಾಲಿಗೆ ಬಂದ ಸ್ಥಾನಕ್ಕೆ ಯಾರೆಂಬುದನ್ನು ಆಯಾ ಪಕ್ಷ ತೀರ್ಮಾನಿಸುತ್ತದೆ. ಜಿಲ್ಲೆಯ ಪ್ರಶ್ನೆ ಬರುವುದು ಆಮೇಲೆ. 2021ರಲ್ಲಿ ವಯನಾಡಿಗೂ ನಮ್ಮದೇ ಗತಿಯಾಗಿತ್ತು. ನಮ್ಮ ಜಿಲ್ಲೆಯ ಉಸ್ತುವಾರಿ ಕಲ್ಲಿಕೋಟೆ ದಕ್ಷಿಣದ ಶಾಸಕರಾಗಿದ್ದ ಬಂದರು ಸಚಿವ ಅಹಮ್ಮದ್ ದೇವರ್‌ಕೋವಿಲ್ ಅವರ ಪಾಲಿಗೆ ಬಂತು.

ಜಿಲ್ಲೆಗೆ ಮಂತ್ರಿಗಳೇ ಇರಲಿಲ್ಲವೆಂಬ ಪತ್ರಲೇಖಕರ ಮಾತನ್ನು ಮಾತ್ರ ಒಪ್ಪಲಾಗದು. 1957ರಲ್ಲಿ ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಗೆದ್ದು ಬಂದದ್ದು ನೀಲೇಶ್ವರದಿಂದ, 1987ರಲ್ಲಿ ಮುಖ್ಯಮಂತ್ರಿಯಾದ ಇ.ಕೆ. ನಾಯನಾರ್ ಗೆದ್ದದ್ದು ತೃಕ್ಕರಿಪುರದಿಂದ. 2016ರಿಂದ 2021ರವರೆಗೆ ಕಂದಾಯ ಖಾತೆ ಕಾಞಂಗಾಡಿನ ಇ. ಚಂದ್ರಶೇಖರನ್ ಅವರಲ್ಲಿತ್ತು. ಈ ಮೂರೂ ಇರುವುದು ಚಂದ್ರಗಿರಿ ನದಿಯ ತೆಂಕಣಕ್ಕೆ, ಕನ್ನಡಿಗರು ಹೆಚ್ಚಾಗಿರುವುದು ಅದರ ಬಡಗಣಕ್ಕೆ. ಹಾಗಾದರೆ ಜಿಲ್ಲೆಗೊಬ್ಬ ಮಂತ್ರಿ ಎಂಬ ಕಾನೂನು ಬಂದರೂ ಆ ಮಂತ್ರಿ ತೆಂಕಣ ದಡದವರೇ ಆದಾರು, ಕಾನೂನಿನ ಅಕ್ಷರ ಪಾಲನೆಯಾದೀತು, ಕನ್ನಡಿಗರ ಪ್ರಶ್ನೆ ಇದ್ದಲ್ಲೇ ಉಳಿದೀತು.

ನದಿಯ ಬಡಗಣ ಭಾಗದಿಂದಲೂ ಮಂತ್ರಿಗಳಾಗಿದ್ದಾರೆ. 1980ರ ನಾಯನಾರ್ ಸಂಪುಟದಲ್ಲಿ ಮಂಜೇಶ್ವರದ ಡಾ. ಎ. ಸುಬ್ಬರಾವ್ ನೀರಾವರಿ ಸಚಿವರಾಗಿದ್ದರು. 1991ರಲ್ಲಿ ಕಾಸರಗೋಡಿನ ಸಿ.ಟಿ. ಅಹಮ್ಮದಾಲಿ ಅವರಿಗೆ ಲೋಕೋಪಯೋಗಿ, 2001ರಲ್ಲಿ ಮಂಜೇಶ್ವರದ ಚೆರ್ಕಳಂ ಅಬ್ದುಲ್ಲ ಅವರಿಗೆ ಸ್ಥಳೀಯಾಡಳಿತ ಖಾತೆ ದೊರೆಯಿತು. ಆಮೇಲಿನ ವರ್ಷಗಳಲ್ಲಿ ಬಾಗಿಲು ಏಕೆ ಮುಚ್ಚಿತೆಂಬುದಕ್ಕೆ ಮತಗಟ್ಟೆಯ ಲೆಕ್ಕವೇ ಉತ್ತರ. ಮಂಜೇಶ್ವರದಲ್ಲಿ ನೇರ ಹಣಾಹಣಿ ಇರುವುದು ಮುಸ್ಲಿಂ ಲೀಗ್ ಮತ್ತು ಬಿಜೆಪಿ ನಡುವೆ. 2016ರಲ್ಲಿ ಗೆಲುವಿನ ಅಂತರ ಕೇವಲ 89 ಮತ, 2021ರಲ್ಲಿ 745. ಹಾಗಾಗಿ ಸಿಪಿಎಂ ನೇತೃತ್ವದ ಎಡರಂಗ ಆಳುವಾಗ ಈ ಭಾಗದಲ್ಲಿ ಹೆಚ್ಚಾಗಿ ಆಳುವ ಪಕ್ಷದ ಶಾಸಕರೇ ಇರುವುದಿಲ್ಲ. 2006ರಲ್ಲಿ ಮಂಜೇಶ್ವರ ಎಡರಂಗಕ್ಕೆ ಒಲಿದಿತ್ತಾದರೂ ಮಂತ್ರಿಪದವಿ ಬರಲಿಲ್ಲ. ಕಾಂಗ್ರೆಸ್ ನೇತೃತ್ವದ, ಲೀಗ್ ಕೂಡ ಸೇರಿದ ಐಕ್ಯರಂಗ ಆಳಿದ 2011ರಲ್ಲಿ ಮಂಜೇಶ್ವರ, ಕಾಸರಗೋಡು ಎರಡೂ ಲೀಗಿನ ಕೈಯಲ್ಲಿದ್ದರೂ ಅದರ ಮಂತ್ರಿಗಳ ಪಟ್ಟಿಯಲ್ಲಿ ನಮ್ಮವರ ಹೆಸರಿರಲಿಲ್ಲ. ಎರಡೂ ಕಡೆಯಿಂದ ಹೊರಗುಳಿದ ಈ ಸ್ಥಿತಿ ನನ್ನನ್ನೂ ಪತ್ರಲೇಖಕರಷ್ಟೇ ನೋಯಿಸುತ್ತದೆ.

ಆದರೂ ಒಂದು ಸಂಗತಿಯನ್ನು ಮರೆಯಬಾರದು. ಜಿಲ್ಲೆಯ ಹಿಂದುಳಿದಿರುವಿಕೆಯನ್ನು ಅಳೆದ ಪ್ರಭಾಕರನ್ ಆಯೋಗದ ವರದಿ, ಅದರ ಬೆನ್ನಿಗೇ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್, 2013ರಲ್ಲಿ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಇಟ್ಟ ಅಡಿಗಲ್ಲು, ಇವೆಲ್ಲ ನಡೆದದ್ದು ಜಿಲ್ಲೆಗೆ ಒಬ್ಬ ಮಂತ್ರಿಯೂ ಇಲ್ಲದ, 2011ರಲ್ಲಿ ಬಂದ ಆ ಐಕ್ಯರಂಗದ ಉಮ್ಮನ್ ಚಾಂಡಿ ಸರಕಾರದ ಅವಧಿಯಲ್ಲಿಯೇ. ಊರಿನ ಮಂತ್ರಿ ಇದ್ದರೆ ಕೆಲಸ ಬೇಗ ಆದೀತು, ನಿಜ. ಇಲ್ಲದಿದ್ದರೆ ಆಗುವುದೇ ಇಲ್ಲವೆಂದು ಹೇಳಲಾಗದು.

ಕಳೆದ ಮಳೆಗಾಲದಲ್ಲಿ ಹಿರಿಯ ಅಡಿಕೆ ಕೃಷಿಕರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಪ್ಲಾಸ್ಟಿಕ್ ತೊಟ್ಟೆಯೊಳಗೆ ನಾಲ್ಕಾಗಿ ಮಡಚಿಟ್ಟಿದ್ದ ಕಾಗದವನ್ನು ಮೇಜಿನ ಮೇಲೆ ಬಿಡಿಸಿ, “ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ” ಎಂದರು. ಜಾಗದ ತೆರಿಗೆಯ ಬಗ್ಗೆ ಅವರು ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಬಂದ ಉತ್ತರ ಅದು, ಪೂರ್ತಿ ಮಲಯಾಳದಲ್ಲಿತ್ತು. ಏಳು ದಿನಗಳೊಳಗೆ ದಾಖಲೆ ಹಾಜರುಪಡಿಸಬೇಕೆಂದಿತ್ತು; ಅಂದಿಗೆ ಒಂಬತ್ತು ದಿನ ಕಳೆದಿತ್ತು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇದೆ, ಆದರೆ ಅದು ಪಾಲನೆಯಾಗದಿದ್ದಾಗ ವಿಧಾನಸಭೆಯಲ್ಲಿ ಎದ್ದುನಿಂತು ಉತ್ತರ ಕೊಡಬೇಕಾದ ಮಂತ್ರಿ ಯಾರು? ಕಂದಾಯದವರೇ, ಶಿಕ್ಷಣದವರೇ, ಮುಖ್ಯಮಂತ್ರಿಗಳೇ? ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗಲೂ ನಾವು ಇದೇ ರೀತಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತೇವೆ.

ಆದುದರಿಂದ ನಾವು ಕೇಳಬೇಕಾದದ್ದು ಭಾಷಾ ಅಲ್ಪಸಂಖ್ಯಾತರ ಹೊಣೆ ಹೊತ್ತ ಒಂದು ಖಾತೆಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂವಿಧಾನದಲ್ಲಿ ಇದಕ್ಕೊಂದು ಮೇಲ್ಪಂಕ್ತಿ ಇದೆ: ಛತ್ತೀಸ್‌ಗಢ, ಜಾರ್ಖಂಡ್, ಮಧ್ಯಪ್ರದೇಶ, ಒಡಿಶಾಗಳಲ್ಲಿ ಬುಡಕಟ್ಟು ಜನರ ಕಲ್ಯಾಣಕ್ಕೆ ಒಬ್ಬ ಮಂತ್ರಿ ಇರಲೇಬೇಕೆಂದು 164ನೇ ವಿಧಿ ಹೇಳುತ್ತದೆ. ಆ ಮಂತ್ರಿ ಯಾವ ಜಿಲ್ಲೆಯವರಾಗಿರಬೇಕೆಂದು ಅದು ಹೇಳುವುದಿಲ್ಲ. ನಮಗಂತೂ ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ. ಖಾತೆಗಳ ಹಂಚಿಕೆ ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ಹೊರಡಿಸುವ ಆದೇಶದಿಂದ ಆಗುತ್ತದೆ. ಮುಖ್ಯಮಂತ್ರಿ ಮನಸ್ಸು ಮಾಡಿದರೆ, ಕನ್ನಡ ಮತ್ತು ತಮಿಳು ಜನರ ಹಕ್ಕುಗಳ ಹೊಣೆಯನ್ನು ಒಬ್ಬ ಸಚಿವರ ಖಾತೆಯಲ್ಲಿ ಹೆಸರಿಸಿಯೇ ಸೇರಿಸಬಹುದು. ಆ ಮಂತ್ರಿ ಕನ್ನಡಿಗರಾದರೆ ಸಂತೋಷ. ಪಾಲಕ್ಕಾಡಿನವರೋ ಕೊಲ್ಲದವರೋ ಆದರೂ ಪ್ರಶ್ನೆ ಕೇಳಲು ನಮಗೊಂದು ವಿಳಾಸ ಸಿಕ್ಕಂತಾಗುತ್ತದೆ.

ಸಹಿ ಸಂಗ್ರಹಕ್ಕೆ ಪತ್ರಿಕೆ ಸಿದ್ಧವಿದೆ. ಮನವಿಯ ಕರಡನ್ನು ಪತ್ರಲೇಖಕರೇ ಬರೆದು ಕಳುಹಿಸಲಿ, ಕನ್ನಡದಲ್ಲಿಯೇ ಬರೆಯಲಿ, ಉತ್ತರವನ್ನು 1969ರ ಕಾಯ್ದೆಯಂತೆ ಕನ್ನಡದಲ್ಲಿಯೇ ಕೊಡಬೇಕೆಂಬ ಕೋರಿಕೆಯನ್ನು ಅದರ ಕೊನೆಯಲ್ಲಿ ಸೇರಿಸಲಿ. ಮುಂದಿನ ಸಂಚಿಕೆಯಲ್ಲಿ ಅದನ್ನು ಸಹಿಯ ಜಾಗದೊಂದಿಗೆ ಅಚ್ಚು ಮಾಡುತ್ತೇವೆ. ಬಂದ ಉತ್ತರವನ್ನೂ, ಅದು ಯಾವ ಭಾಷೆಯಲ್ಲಿದ್ದರೂ, ಹಾಗೆಯೇ ಪ್ರಕಟಿಸುತ್ತೇವೆ.

— ಸಂಪಾದಕ